ಥೈರಾಯ್ಡ್‌ಗೆ ಯಾವ ಡಾಕ್ಟರ್? ಫ್ಯಾಮಿಲಿ ಡಾಕ್ಟರಿಂದ ಸರ್ಜನ್‌ವರೆಗೆ ಒಂದು ಹೋಲಿಕೆ

ಲ್ಯಾಬ್ ರಿಪೋರ್ಟಿನಲ್ಲಿ ಟಿಎಸ್‌ಎಚ್ ಅಂಕಿ ದಪ್ಪಕ್ಷರದಲ್ಲಿ ಬಂದರೆ ಸಾಕು, ಮನೆಯಲ್ಲಿ ಎರಡು ಪಕ್ಷ ಆಗುತ್ತದೆ. ಒಂದು ಪಕ್ಷ, "ಒಂದು ಮಾತ್ರೆ ತಾನೇ, ಸುಮ್ನೆ ನಮ್ಮ ಡಾಕ್ಟ್ರಿಗೇ ತೋರಿಸು" ಅನ್ನುತ್ತದೆ. ಇನ್ನೊಂದು ಪಕ್ಷಕ್ಕೆ ಬೆಂಗಳೂರಿನ ದೊಡ್ಡ ಆಸ್ಪತ್ರೆಗಿಂತ ಕಡಿಮೆ ಯಾವುದೂ ಆಗದು. ಎರಡೂ ಪಕ್ಷ ಕೆಲವೊಮ್ಮೆ ಸರಿ, ಕೆಲವೊಮ್ಮೆ ತಪ್ಪು. ಥೈರಾಯ್ಡ್ ಅನ್ನುವುದು ಒಂದೇ ಕಾಯಿಲೆ ಅಲ್ಲ. ಅದರಲ್ಲಿ ನಾಲ್ಕೈದು ಬಗೆ ಇವೆ, ಒಂದೊಂದಕ್ಕೂ ಬೇಕಾದ ಡಾಕ್ಟರ್ ಬೇರೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಸಾಧಾರಣ ಹೈಪೋಥೈರಾಯ್ಡ್, ಅಂದರೆ ಗ್ರಂಥಿ ಕಡಿಮೆ ಕೆಲಸ ಮಾಡುವ ತೊಂದರೆ, ಇರುವ ಹೆಚ್ಚಿನವರಿಗೆ ಸೂಪರ್ ಸ್ಪೆಷಲಿಸ್ಟ್ ಬೇಕಿಲ್ಲ, ತಾಳ್ಮೆ ಇರುವ ಹತ್ತಿರದ ಡಾಕ್ಟರ್ ಸಾಕು. ಆದರೆ ಹೈಪರ್ (ಗ್ರಂಥಿ ಅತಿಯಾಗಿ ಕೆಲಸ ಮಾಡುವುದು) ಇದ್ದರೆ, ಕುತ್ತಿಗೆಯಲ್ಲಿ ಗಂಟಿದ್ದರೆ, ಬಸುರಿಯಾಗಿದ್ದರೆ, ರೋಗಿ ಪುಟ್ಟ ಮಗುವಾಗಿದ್ದರೆ ಬಸ್ ಚಾರ್ಜಿಗೆ, ಫೀಸಿಗೆ ಹಿಂದೆಮುಂದೆ ನೋಡಬಾರದು.

ಮೊದಲು ಕೈಯಲ್ಲಿರುವ ರಿಪೋರ್ಟ್ ನೋಡಿ

ಥೈರಾಯ್ಡ್ ಕುತ್ತಿಗೆಯ ಮುಂಭಾಗದಲ್ಲಿ, ಗಂಟಲ ಉಬ್ಬಿಗಿಂತ ಸ್ವಲ್ಪ ಕೆಳಗೆ ಇರುವ ಗ್ರಂಥಿ. ಅದಕ್ಕೆ ಅಪ್ಪಣೆ ಕೊಡುವುದು ಮೆದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿ. ಆ ಅಪ್ಪಣೆಯೇ ಟಿಎಸ್‌ಎಚ್. ಥೈರಾಯ್ಡ್ ಸರಿಯಾಗಿ ಕೆಲಸ ಮಾಡದಿದ್ದರೆ ಪಿಟ್ಯುಟರಿ ಇನ್ನೂ ಜೋರಾಗಿ ಕೂಗುತ್ತದೆ, ಟಿಎಸ್‌ಎಚ್ ಏರುತ್ತದೆ. ಇದು ಹೈಪೋ. ಥೈರಾಯ್ಡ್ ಅತಿಯಾಗಿ ಕೆಲಸ ಮಾಡಿದರೆ ಕೂಗುವ ಅಗತ್ಯವೇ ಇಲ್ಲ, ಟಿಎಸ್‌ಎಚ್ ಸೊನ್ನೆಯ ಹತ್ತಿರ ಇಳಿಯುತ್ತದೆ. ಇದು ಹೈಪರ್. ಟಿಎಸ್‌ಎಚ್ ಜಾಸ್ತಿ ಬಂದಿದೆ ಅಂದರೆ ಥೈರಾಯ್ಡ್ ಜಾಸ್ತಿ ಆಗಿದೆ ಅಂದುಕೊಳ್ಳುವವರು ಬಹಳ. ವಿಷಯ ಅದರ ತಿರುವುಮುರುವು.

ಹೆಚ್ಚಿನ ಲ್ಯಾಬ್‌ಗಳಲ್ಲಿ ದೊಡ್ಡವರಿಗೆ ಟಿಎಸ್‌ಎಚ್ ಸುಮಾರು 0.4ರಿಂದ 4ರ ಆಸುಪಾಸು ಇದ್ದರೆ ಸರಿ ಅನ್ನುತ್ತಾರೆ. 10 ದಾಟಿದರೆ ಸಾಮಾನ್ಯವಾಗಿ ಮಾತ್ರೆ ಶುರುವಾಗುತ್ತದೆ. ಗೊಂದಲ ಇರುವುದು ಮಧ್ಯದಲ್ಲಿ. ಟಿಎಸ್‌ಎಚ್ ಐದೋ ಏಳೋ ಇರುತ್ತದೆ, ಫ್ರೀ ಟಿ4 (ಥೈರಾಯ್ಡ್ ತಯಾರಿಸುವ ಹಾರ್ಮೋನಿನ ಅಂಕಿ) ಸರಿಯಾಗಿರುತ್ತದೆ. ಇದನ್ನು ಸಬ್‌ಕ್ಲಿನಿಕಲ್ ಹೈಪೋಥೈರಾಯ್ಡ್ ಅನ್ನುತ್ತಾರೆ. ಒಳ್ಳೆಯ ಡಾಕ್ಟರ್ ಯಾರು, ಅವಸರದ ಡಾಕ್ಟರ್ ಯಾರು ಅನ್ನುವುದು ಹೆಚ್ಚಾಗಿ ಗೊತ್ತಾಗುವುದು ಇಲ್ಲೇ.

ಫ್ಯಾಮಿಲಿ ಡಾಕ್ಟರ್ ಮತ್ತು ಫಿಸಿಷಿಯನ್

ಎಂಬಿಬಿಎಸ್ ಮಾಡಿದ ಫ್ಯಾಮಿಲಿ ಡಾಕ್ಟರ್, ಜನರಲ್ ಮೆಡಿಸಿನ್‌ನಲ್ಲಿ ಎಂಡಿ ಮಾಡಿದ ಫಿಸಿಷಿಯನ್. ಇಬ್ಬರೂ ದಿನಾ ಥೈರಾಯ್ಡ್ ರೋಗಿಗಳನ್ನು ನೋಡುತ್ತಾರೆ. ನೋಡದೆ ವಿಧಿಯೂ ಇಲ್ಲ. 2013ರಲ್ಲಿ ಪ್ರಕಟವಾದ, ಭಾರತದ ಎಂಟು ನಗರಗಳ ಅಧ್ಯಯನದಲ್ಲಿ ವಯಸ್ಕರ ಪೈಕಿ ಸುಮಾರು 11% ಜನರಲ್ಲಿ ಹೈಪೋ ಕಂಡುಬಂದಿತ್ತು. ಇಷ್ಟೂ ಜನ ಎಂಡೋಕ್ರೈನಾಲಜಿಸ್ಟ್ (ಹಾರ್ಮೋನ್ ತಜ್ಞರು) ಬಾಗಿಲಲ್ಲಿ ನಿಂತರೆ ಕ್ಯೂ ಯಾವತ್ತಿಗೂ ಕರಗದು.

ಸಾಧಾರಣ ಹೈಪೋಗೆ ಚಿಕಿತ್ಸೆ ಅಂದರೆ ಲೆವೊಥೈರಾಕ್ಸಿನ್ ಮಾತ್ರೆ. ಥೈರೋನಾರ್ಮ್, ಎಲ್ಟ್ರಾಕ್ಸಿನ್, ಥೈರಾಕ್ಸ್ ಅಂತ ಬಾಟಲಿಯಲ್ಲಿ ಬರುವುದು ಇದೇ. ಇದರಲ್ಲಿ ಡಾಕ್ಟರ್ ಮಾಡಬೇಕಾದ ಕೆಲಸ ಮೂರು: ಸರಿಯಾದ ಡೋಸ್‌ನಲ್ಲಿ ಶುರುಮಾಡುವುದು, ಆರರಿಂದ ಎಂಟು ವಾರ ಬಿಟ್ಟು ಮತ್ತೆ ಟಿಎಸ್‌ಎಚ್ ನೋಡುವುದು, ಬೇಕಾದರೆ ಡೋಸ್ ಬದಲಿಸುವುದು. ಸ್ಥಿರವಾದ ಮೇಲೆ ಆರು ತಿಂಗಳಿಗೋ ವರ್ಷಕ್ಕೋ ಒಂದು ಪರೀಕ್ಷೆ ಸಾಕು. ಇದಕ್ಕೆ ಮಹಾ ಪಾಂಡಿತ್ಯ ಬೇಡ, ನಿಯಮ ಪಾಲಿಸುವ ಅಭ್ಯಾಸ ಬೇಕು. ಆರು ವಾರ ಯಾಕೆ ಅಂದರೆ, ಈ ಔಷಧ ಮೈಯಲ್ಲಿ ಅರ್ಧ ಕರಗಲಿಕ್ಕೇ ಸುಮಾರು ಒಂದು ವಾರ ಹಿಡಿಯುತ್ತದೆ, ಟಿಎಸ್‌ಎಚ್ ಅದಕ್ಕಿಂತ ನಿಧಾನವಾಗಿ ನೆಲೆಗೊಳ್ಳುತ್ತದೆ. ಎರಡೇ ವಾರಕ್ಕೆ ಟೆಸ್ಟ್ ಮಾಡಿಸಿ ಡೋಸ್ ಏರಿಸುವವರು, ಮುಂದಿನ ಸಲ ಇಳಿಸುವವರು ಇದ್ದಾರೆ. ಅಂಥ ಕಡೆ ರೋಗಿ ವರ್ಷಗಟ್ಟಲೆ 50, 75, 62.5 ಎಂಸಿಜಿ (ಮೈಕ್ರೋಗ್ರಾಂ) ಅಂತ ಉಯ್ಯಾಲೆ ಆಡುತ್ತಿರುತ್ತಾರೆ.

ಹತ್ತಿರದ ಡಾಕ್ಟರಿಗೆ ಇರುವ ದೊಡ್ಡ ಬಲ ನಿಮ್ಮ ಅಡುಗೆಮನೆ ಗೊತ್ತಿರುವುದು. ನಮ್ಮಲ್ಲಿ ಎದ್ದ ಕೂಡಲೇ ಕಾಫಿ ಬೇಕು. ಈ ಮಾತ್ರೆಯೋ ಖಾಲಿ ಹೊಟ್ಟೆಗೆ, ಬರೀ ನೀರಿನ ಜತೆ ನುಂಗಿ, ಅರ್ಧ ಗಂಟೆಯಿಂದ ಒಂದು ಗಂಟೆ ಏನೂ ತೆಗೆದುಕೊಳ್ಳದೆ ಇರಬೇಕಾದದ್ದು. ಮಾತ್ರೆಯ ಹಿಂದೆಯೇ ಕಾಫಿ ಹೋದರೆ ಔಷಧ ಪೂರ್ತಿ ಮೈಗೆ ಹತ್ತುವುದಿಲ್ಲ. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗಳಿಗೆ ನಾಲ್ಕು ಗಂಟೆ ಅಂತರ ಬೇಕು. ಟಿಎಸ್‌ಎಚ್ ಇಳಿಯುತ್ತಿಲ್ಲ ಅಂದಾಗ ಡೋಸ್ ಏರಿಸುವ ಮೊದಲು, "ಅಮ್ಮ, ಮಾತ್ರೆ ಎಷ್ಟೊತ್ತಿಗೆ ತಗೋತೀರಿ? ಕಾಫಿ ಎಷ್ಟೊತ್ತಿಗೆ?" ಅಂತ ಕೇಳುವ ಫ್ಯಾಮಿಲಿ ಡಾಕ್ಟರ್ ಸಿಕ್ಕರೆ ಅವರನ್ನು ಬಿಡಬೇಡಿ. ಬೆಳಿಗ್ಗೆ ಆಗುವುದೇ ಇಲ್ಲ ಅನ್ನುವವರಿಗೆ ರಾತ್ರಿ ಊಟವಾಗಿ ಮೂರು ಗಂಟೆ ಕಳೆದ ಮೇಲೆ ತೆಗೆದುಕೊಳ್ಳುವ ದಾರಿಯೂ ಇದೆ. ಅದನ್ನು ಡಾಕ್ಟರ್ ಜತೆ ಮಾತಾಡಿಯೇ ಮಾಡಿ.

ಇನ್ನು ಇವರ ದೌರ್ಬಲ್ಯ. ಒಂದು ಉದಾಹರಣೆ ತೆಗೆದುಕೊಳ್ಳಿ. ಎಪ್ಪತ್ತೆರಡು ವಯಸ್ಸಿನ ಅಜ್ಜಿ, ಹೆಲ್ತ್ ಚೆಕಪ್ ಪ್ಯಾಕೇಜಿನಲ್ಲಿ ಟಿಎಸ್‌ಎಚ್ 6.8 ಬಂದಿದೆ, ಫ್ರೀ ಟಿ4 ಸರಿ ಇದೆ, ತೊಂದರೆ ಅಂತ ಏನೂ ಇಲ್ಲ. ಅವತ್ತೇ 50 ಎಂಸಿಜಿ ಬರೆದು ಕಳಿಸುವ ಡಾಕ್ಟರ್ ಬೇಕಾದಷ್ಟು ಜನ ಸಿಗುತ್ತಾರೆ. ಆದರೆ ವಯಸ್ಸಾದಂತೆ ಟಿಎಸ್‌ಎಚ್ ತಾನಾಗಿಯೇ ಸ್ವಲ್ಪ ಏರುತ್ತದೆ. 65 ದಾಟಿದ, ಇಂಥದೇ ಸಣ್ಣ ಏರಿಕೆ ಇದ್ದ ಏಳುನೂರಕ್ಕೂ ಹೆಚ್ಚು ಜನರ ಮೇಲೆ ಯುರೋಪಿನಲ್ಲಿ ನಡೆದ ಒಂದು ದೊಡ್ಡ ಪ್ರಯೋಗದ ಫಲ 2017ರಲ್ಲಿ ಬಂತು. ಮಾತ್ರೆ ತೆಗೆದುಕೊಂಡವರಿಗೂ ಔಷಧ ಇಲ್ಲದ ಸುಳ್ಳು ಮಾತ್ರೆ ತೆಗೆದುಕೊಂಡವರಿಗೂ ಸುಸ್ತಿನಲ್ಲಾಗಲಿ ಬೇರೆ ಲಕ್ಷಣಗಳಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಅದೇ ವಯಸ್ಸಿನಲ್ಲಿ ಡೋಸ್ ಜಾಸ್ತಿ ಆದರೆ ಎದೆಬಡಿತ ತಾಳ ತಪ್ಪುವುದು, ಮೂಳೆ ಸವೆಯುವುದು, ಎರಡೂ ನಿಜವಾದ ಅಪಾಯ. ಹಾಗಾಗಿ "ಎರಡು ಮೂರು ತಿಂಗಳು ಬಿಟ್ಟು ಇನ್ನೊಮ್ಮೆ ನೋಡೋಣ, ಈಗ ಏನೂ ಬೇಡ" ಅಂದ ಡಾಕ್ಟರನ್ನು ಗೊತ್ತಿಲ್ಲದವರು ಅಂದುಕೊಳ್ಳಬೇಡಿ. ಮಾತ್ರೆ ಬರೆಯದೆ ಕಳಿಸಲಿಕ್ಕೆ ಬರೆಯುವುದಕ್ಕಿಂತ ಜಾಸ್ತಿ ಧೈರ್ಯ ಬೇಕು.

ಎಂಡೋಕ್ರೈನಾಲಜಿಸ್ಟ್ ಯಾವಾಗ ಬೇಕೇ ಬೇಕು

ಹಾರ್ಮೋನ್ ತಜ್ಞರಾದ ಎಂಡೋಕ್ರೈನಾಲಜಿಸ್ಟ್ ಅಂದರೆ ಎಂಬಿಬಿಎಸ್, ಅದರ ಮೇಲೆ ಎಂಡಿ, ಅದರ ಮೇಲೆ ಮೂರು ವರ್ಷದ ಡಿಎಂ ಅಥವಾ ಡಿಆರ್‌ಎನ್‌ಬಿ ಓದಿದವರು. ಹಳಬರ ಬೋರ್ಡಿನಲ್ಲಿ ಡಿಎನ್‌ಬಿ ಎಂಡೋಕ್ರೈನಾಲಜಿ ಅಂತಲೂ ಇರುತ್ತದೆ. ಬೋರ್ಡಿನಲ್ಲಿ ನೋಡಬೇಕಾದ್ದು ಈ ಅಕ್ಷರಗಳನ್ನು. "ಡಯಾಬಿಟಿಸ್ ಮತ್ತು ಥೈರಾಯ್ಡ್ ತಜ್ಞರು" ಅನ್ನುವ ಬೋರ್ಡ್ ಈಗ ಬೀದಿಗೊಂದು ಇದೆ. ಅದರ ಕೆಳಗೆ ಕೆಲವು ತಿಂಗಳ ಸರ್ಟಿಫಿಕೇಟ್ ಕೋರ್ಸಿನ ಹೆಸರೂ ಇರಬಹುದು. ಆ ಕೋರ್ಸ್ ಮಾಡಿದವರು ಕೆಟ್ಟ ಡಾಕ್ಟರ್ ಅಂತ ಅಲ್ಲ. ಸಕ್ಕರೆ ಕಾಯಿಲೆಯನ್ನು ಚೆನ್ನಾಗಿ ನೋಡುವವರು ಅವರಲ್ಲಿ ಎಷ್ಟೋ ಜನ. ಆದರೆ ಎಂಡೋಕ್ರೈನಾಲಜಿಸ್ಟ್ ಫೀಸು ಕೊಟ್ಟು ಬೇರೆಯವರನ್ನು ನೋಡಿ ಬರಬಾರದಲ್ಲವಾ? ಅನುಮಾನ ಬಂದರೆ ನ್ಯಾಷನಲ್ ಮೆಡಿಕಲ್ ಕಮಿಷನ್ ವೆಬ್‌ಸೈಟಿನಲ್ಲಿ ಇಂಡಿಯನ್ ಮೆಡಿಕಲ್ ರಿಜಿಸ್ಟರ್ ಇದೆ. ಡಾಕ್ಟರ್ ಹೆಸರು ಅಥವಾ ರಿಜಿಸ್ಟ್ರೇಷನ್ ನಂಬರ್ ಹಾಕಿ ಹುಡುಕಬಹುದು. ಔಷಧಿ ಚೀಟಿಯ ಮೇಲೆ ಆ ನಂಬರ್ ಇರಲೇಬೇಕು ಅಂತ ನಿಯಮವೇ ಇದೆ. ನಮ್ಮಲ್ಲಿ ಹೆಚ್ಚಿನವರದ್ದು ಕರ್ನಾಟಕ ಮೆಡಿಕಲ್ ಕೌನ್ಸಿಲ್ ಕೊಟ್ಟ ನಂಬರ್.

ಹೈಪರ್ ಇದ್ದವರು ನೇರ ಇವರ ಹತ್ತಿರ ಹೋಗುವುದೇ ಒಳ್ಳೆಯದು. ಕಾರಣ ಕೇಳಿ. ಕೈ ನಡುಕ, ಬೆವರು, ಎದೆ ಡವಡವ, ತಿಂದರೂ ತೂಕ ಇಳಿಯುವುದು, ಟಿಎಸ್‌ಎಚ್ 0.01. ಇದಕ್ಕೆ ಕಾರಣ ಒಂದೇ ಇರುವುದಿಲ್ಲ. ಗ್ರೇವ್ಸ್ ಕಾಯಿಲೆ ಇರಬಹುದು. ಅದರಲ್ಲಿ ಗ್ರಂಥಿ ನಿಜವಾಗಿಯೂ ಹಾರ್ಮೋನ್ ಜಾಸ್ತಿ ತಯಾರಿಸುತ್ತಿರುತ್ತದೆ. ಥೈರಾಯ್ಡೈಟಿಸ್ ಇರಬಹುದು. ಅದರಲ್ಲಿ ಗ್ರಂಥಿ ಊದಿ, ಒಳಗೆ ಕೂಡಿಟ್ಟ ಹಾರ್ಮೋನ್ ಸೋರಿಹೋಗುತ್ತಿರುತ್ತದೆ, ಹೊಸದು ತಯಾರಾಗುತ್ತಿರುವುದಿಲ್ಲ. ವೈರಲ್ ಜ್ವರ ಬಂದು ಹೋದ ಮೇಲೆ ಕುತ್ತಿಗೆ ಮುಟ್ಟಿದರೆ ನೋವು ಬರುವ ಬಗೆ ಒಂದು, ಹೆರಿಗೆಯಾದ ಕೆಲವು ತಿಂಗಳಲ್ಲಿ ನೋವಿಲ್ಲದೆ ಬರುವ ಬಗೆ ಇನ್ನೊಂದು. ರಿಪೋರ್ಟಿನಲ್ಲಿ ಎಲ್ಲ ಒಂದೇ ಥರ ಕಾಣುತ್ತವೆ. ಆದರೆ ಗ್ರೇವ್ಸ್‌ಗೆ ಕೊಡುವ ಕಾರ್ಬಿಮಜೋಲ್ ಮಾತ್ರೆ ಥೈರಾಯ್ಡೈಟಿಸ್‌ಗೆ ಏನೂ ಪ್ರಯೋಜನ ಇಲ್ಲ. ಅದು ಹೊಸ ಹಾರ್ಮೋನ್ ತಯಾರಿಕೆಯನ್ನು ತಡೆಯುತ್ತದೆ, ಸೋರಿಕೆಯನ್ನಲ್ಲ. ಹಾಗಾಗಿ ಮಾತ್ರೆ ಶುರುಮಾಡುವ ಮೊದಲು ಯಾವುದು ಅಂತ ತಿಳಿಯಬೇಕು. ಅದಕ್ಕೆ ಟಿಆರ್‌ಎಬಿ ಅನ್ನುವ ರಕ್ತಪರೀಕ್ಷೆ ಅಥವಾ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ ಮಾಡುವ ಥೈರಾಯ್ಡ್ ಸ್ಕ್ಯಾನ್ ಇದೆ. ಇದು ಮಾಮೂಲಿ ಅಲ್ಟ್ರಾಸೌಂಡ್ ಅಲ್ಲ.

ಕಾರ್ಬಿಮಜೋಲ್ ಬರೆಯುವ ಡಾಕ್ಟರ್ ಒಂದು ಎಚ್ಚರಿಕೆ ಹೇಳಲೇಬೇಕು. ಈ ಔಷಧ ಅಪರೂಪಕ್ಕೆ ರಕ್ತದ ಬಿಳಿಕಣಗಳನ್ನು ಅಪಾಯದ ಮಟ್ಟಕ್ಕೆ ಇಳಿಸಿಬಿಡುತ್ತದೆ. ಜ್ವರ, ಜೋರು ಗಂಟಲುನೋವು ಬಂದರೆ ಮಾತ್ರೆ ನಿಲ್ಲಿಸಿ, ಅವತ್ತೇ ರಕ್ತಪರೀಕ್ಷೆ ಮಾಡಿಸಬೇಕು. ಇದನ್ನು ಹೇಳದೆ ಚೀಟಿ ಕೊಟ್ಟರೆ ಡಿಗ್ರಿ ಎಷ್ಟೇ ಉದ್ದ ಇರಲಿ, ನಾನಂತೂ ಇನ್ನೊಬ್ಬರನ್ನು ಹುಡುಕುತ್ತೇನೆ. ಚಿಕಿತ್ಸೆ ಸಾಮಾನ್ಯವಾಗಿ ಒಂದರಿಂದ ಒಂದೂವರೆ ವರ್ಷ ನಡೆಯುತ್ತದೆ. ಮರುಕಳಿಸುವ ಸಾಧ್ಯತೆ ಚೆನ್ನಾಗಿಯೇ ಇದೆ. ಹಾಗಾದರೆ ಮುಂದೆ ರೇಡಿಯೋ ಅಯೋಡಿನ್ನೋ (ಗ್ರಂಥಿಯನ್ನು ಕುಗ್ಗಿಸುವ ವಿಕಿರಣದ ಔಷಧ) ಆಪರೇಷನ್ನೋ ಅನ್ನುವ ಮಾತು ಬರುತ್ತದೆ. ಕಣ್ಣು ಉಬ್ಬಿದ್ದರೆ, ಸಿಗರೇಟು ಸೇದುವವರಾದರೆ, ಇನ್ನೂ ಮಕ್ಕಳಾಗಬೇಕಿದ್ದರೆ ಆಯ್ಕೆ ಬದಲಾಗುತ್ತದೆ. ಇದನ್ನೆಲ್ಲ ಕೂತು ತೂಗಿ ನೋಡುವುದು ತಜ್ಞರ ಕೆಲಸ. ಮೂರು ನಿಮಿಷದ ಓಪಿಡಿಯಲ್ಲಿ ಆಗುವಂಥದ್ದಲ್ಲ.

ಹೈಪೋ ಇದ್ದೂ ಇವರನ್ನು ನೋಡಬೇಕಾದ ಸಂದರ್ಭಗಳಿವೆ. ಮಾತ್ರೆ ಸರಿಯಾಗಿ ತೆಗೆದುಕೊಂಡರೂ ಟಿಎಸ್‌ಎಚ್ ನಿಲ್ಲುತ್ತಿಲ್ಲ. ಹೃದಯದ ತೊಂದರೆ ಇದೆ, ಡೋಸ್ ಏರಿಸಲು ಡಾಕ್ಟರ್ ಹಿಂಜರಿಯುತ್ತಿದ್ದಾರೆ. ಅಥವಾ ಟಿಎಸ್‌ಎಚ್ ಸರಿಯಾಗಿಯೇ ಇದೆ, ಫ್ರೀ ಟಿ4 ಮಾತ್ರ ಕಡಿಮೆ. ಈ ಕೊನೆಯದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ತೊಂದರೆ ಥೈರಾಯ್ಡಿನಲ್ಲಿ ಇಲ್ಲದೆ ಪಿಟ್ಯುಟರಿಯಲ್ಲಿ ಇರಬಹುದು. ಬರೀ ಟಿಎಸ್‌ಎಚ್ ನೋಡಿ "ನಾರ್ಮಲ್" ಅನ್ನುವವರ ಕಣ್ಣು ತಪ್ಪುವುದು ಇಂಥದ್ದೇ.

ಬಸುರಿ, ಬಾಣಂತಿ, ಹಸುಗೂಸು

ಬಸಿರಲ್ಲಿ ಮಾತ್ರ ಕಾದು ನೋಡುವ ಮಾತಿಲ್ಲ. ಮೊದಲ ತಿಂಗಳುಗಳಲ್ಲಿ ಮಗುವಿನ ಮೆದುಳು ಬೆಳೆಯಲು ತಾಯಿಯ ಹಾರ್ಮೋನೇ ಆಧಾರ. ಮೊದಲೇ ಮಾತ್ರೆ ತೆಗೆದುಕೊಳ್ಳುತ್ತಿದ್ದವರಿಗೆ ಬಸಿರು ಖಚಿತವಾದ ಕೂಡಲೇ ಡೋಸ್ ಸುಮಾರು ಕಾಲು ಭಾಗದಷ್ಟು ಏರಿಸಬೇಕಾಗುತ್ತದೆ. ಮೊದಲ ಅರ್ಧದಲ್ಲಿ ನಾಲ್ಕು ವಾರಕ್ಕೊಮ್ಮೆ ಟಿಎಸ್‌ಎಚ್ ನೋಡಬೇಕು. ಅನುಭವ ಇರುವ ಸ್ತ್ರೀರೋಗ ತಜ್ಞರು ಇದನ್ನು ತಾವೇ ನಿಭಾಯಿಸುತ್ತಾರೆ, ಹೈಪೋ ಮಾತ್ರ ಇದ್ದರೆ ಅವರೇ ಸಾಕು. ಹೈಪರ್ ಇದ್ದು ಬಸುರಿಯಾದರೆ ಎಂಡೋಕ್ರೈನಾಲಜಿಸ್ಟ್ ಜತೆಗಿರಲೇಬೇಕು. ಮೊದಲ ಮೂರು ತಿಂಗಳು ಕಾರ್ಬಿಮಜೋಲ್ ಮಗುವಿಗೆ ಒಳ್ಳೆಯದಲ್ಲ, ಬೇರೆ ಔಷಧಕ್ಕೆ ಬದಲಾಯಿಸುತ್ತಾರೆ. ಮಗು ಬೇಕು ಅಂತ ಯೋಚಿಸುತ್ತಿರುವಾಗಲೇ ಹೋಗಿ ಮಾತಾಡಿದರೆ ಇನ್ನೂ ಒಳ್ಳೆಯದು.

ಒಂದು ಸಣ್ಣ ವಿಷಯ, ಆದರೆ ಇಲ್ಲಿ ಎಡವುವವರು ಬಹಳ. ಬಸುರಿಯರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ ಕೊಡುತ್ತಾರೆ. ಥೈರಾಯ್ಡ್ ಮಾತ್ರೆ ಇನ್ನೊಬ್ಬ ಡಾಕ್ಟರ್ ಬರೆದಿರುತ್ತಾರೆ. ಮರೆಯಬಾರದು ಅಂತ ಮೂರನ್ನೂ ಒಟ್ಟಿಗೆ ಬೆಳಿಗ್ಗೆ ನುಂಗಿಬಿಡುತ್ತಾರೆ. ಎರಡೂ ಕಡೆಯ ಚೀಟಿ ಒಟ್ಟಿಗೆ ಇಟ್ಟು ನೋಡುವ ಡಾಕ್ಟರ್ ಬೇಕಾಗುವುದು ಇದಕ್ಕೇ.

ಹೆರಿಗೆಯ ನಂತರ ಬರುವ ಥೈರಾಯ್ಡೈಟಿಸ್ ಅನೇಕರಲ್ಲಿ ವರ್ಷದೊಳಗೆ ತಾನೇ ಸರಿಹೋಗುತ್ತದೆ. "ಜೀವನಪೂರ್ತಿ ಮಾತ್ರೆ" ಅಂತ ಮೊದಲ ದಿನವೇ ಹೇಳಿದರೆ, "ಒಂದು ವರ್ಷ ಆದ ಮೇಲೆ ನಿಲ್ಲಿಸಿ ನೋಡಬಹುದಾ?" ಅಂತ ಕೇಳಿ. ಕೇಳುವುದರಲ್ಲಿ ತಪ್ಪೇನಿಲ್ಲ.

ಹುಟ್ಟಿದ ಮಗುವಿನದು ಇದೆಲ್ಲಕ್ಕಿಂತ ತುರ್ತು. ಭಾರತದಲ್ಲಿ ಹೆಚ್ಚುಕಡಿಮೆ ಸಾವಿರ ಮಕ್ಕಳಲ್ಲಿ ಒಂದಕ್ಕೆ ಹುಟ್ಟಿನಿಂದಲೇ ಥೈರಾಯ್ಡ್ ಕೊರತೆ ಇರುತ್ತದೆ. ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದರೆ ಗೊತ್ತಾಗುತ್ತದೆ. ಎರಡು ವಾರದೊಳಗೆ ಮಾತ್ರೆ ಶುರುವಾದರೆ ಮಗುವಿನ ಬುದ್ಧಿ ಬೆಳವಣಿಗೆಗೆ ತೊಂದರೆಯಾಗದಂತೆ ನೋಡಿಕೊಳ್ಳಬಹುದು, ತಡವಾದರೆ ಆದ ನಷ್ಟ ವಾಪಸ್ ಬರುವುದಿಲ್ಲ. ಹೆರಿಗೆ ಆಸ್ಪತ್ರೆಯಿಂದ ಬಿಡುಗಡೆ ಆಗುವ ಮೊದಲು "ಮಗುವಿಗೆ ಟಿಎಸ್‌ಎಚ್ ಮಾಡಿದ್ದೀರಾ?" ಅಂತ ಕೇಳಿ. ಜಾಸ್ತಿ ಬಂದರೆ ಮಕ್ಕಳ ಡಾಕ್ಟರ್ ಅವತ್ತೇ ಮಾತ್ರೆ ಶುರುಮಾಡಲಿ, ಮಕ್ಕಳ ಎಂಡೋಕ್ರೈನಾಲಜಿಸ್ಟನ್ನು ಆಮೇಲೆ ನೋಡಬಹುದು. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಲ್ಲಿ ಅಂಥ ತಜ್ಞರಿದ್ದಾರೆ. ತಜ್ಞರ ಅಪಾಯಿಂಟ್‌ಮೆಂಟಿಗೆ ಕಾದು ಮಾತ್ರೆ ತಡಮಾಡಬಾರದು.

ಗಂಟು ಕಂಡರೆ

ಕುತ್ತಿಗೆಯಲ್ಲಿ ಗಂಟು ಅಂದ ಕೂಡಲೇ ಕ್ಯಾನ್ಸರ್ ಭಯ. ಥೈರಾಯ್ಡ್ ಗಂಟುಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ನಿರಪಾಯದವು. ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿಸಿದಾಗ ಸಿಕ್ಕ ಚಿಕ್ಕ ಗಂಟುಗಳನ್ನು ಹಾಗೇ ಬಿಟ್ಟು, ಆಗಾಗ ನೋಡುತ್ತಿರುವುದೂ ಒಂದು ಚಿಕಿತ್ಸೆಯೇ.

ಹಾಗಾದರೆ ಮೊದಲು ಯಾರ ಹತ್ತಿರ? ಎಂಡೋಕ್ರೈನಾಲಜಿಸ್ಟ್ ಹತ್ತಿರವೇ ಅನ್ನುವುದು ನನ್ನ ಸಲಹೆ. ನೇರ ಸರ್ಜನ್ ಹತ್ತಿರ ಹೋದರೆ ಮಾತು ಬೇಗ ಆಪರೇಷನ್ ಕಡೆ ತಿರುಗಬಹುದು. ಕ್ರಮ ಹೀಗಿರಬೇಕು: ಟಿಎಸ್‌ಎಚ್, ಕುತ್ತಿಗೆಯ ಅಲ್ಟ್ರಾಸೌಂಡ್, ಆಮೇಲೆ ಅಗತ್ಯ ಇದ್ದರೆ ಎಫ್‌ಎನ್‌ಎಸಿ ಅನ್ನುವ ಸೂಜಿ ಪರೀಕ್ಷೆ. ಸ್ಕ್ಯಾನ್ ರಿಪೋರ್ಟಿನಲ್ಲಿ ಟಿರ್ಯಾಡ್ಸ್ ಅಂತ 1ರಿಂದ 5ರವರೆಗೆ ಒಂದು ಅಂಕಿ ಇರಬೇಕು. ಏರಿದಷ್ಟೂ ಅನುಮಾನ ಜಾಸ್ತಿ. ಸೂಜಿ ಪರೀಕ್ಷೆಯ ರಿಪೋರ್ಟಿನಲ್ಲಿ ಬೆಥೆಸ್ಡಾ ಅಂತ 1ರಿಂದ 6ರವರೆಗೆ ಇನ್ನೊಂದು. ಬೆಥೆಸ್ಡಾದಲ್ಲಿ 1 ಅಂದರೆ ಒಳ್ಳೆಯದು ಅಂತ ಅಲ್ಲ, ಸೂಜಿಗೆ ಸಾಕಷ್ಟು ಜೀವಕೋಶ ಸಿಕ್ಕಿಲ್ಲ, ಮತ್ತೆ ಮಾಡಬೇಕು ಅಂತ. ನಿರಪಾಯ ಅಂದರೆ 2. ಈ ಎರಡು ಅಂಕಿ ಇಲ್ಲದ, "ಥೈರಾಯ್ಡ್ ನಾಡ್ಯೂಲ್ ಕಂಡಿದೆ" ಅಂತ ಮಾತ್ರ ಬರೆದ ರಿಪೋರ್ಟ್ ಹಿಡಿದುಕೊಂಡು ಆಪರೇಷನ್‌ಗೆ ದಿನ ಗೊತ್ತುಮಾಡುವವರ ಹತ್ತಿರ ಸಹಿ ಹಾಕಬೇಡಿ.

ಆಪರೇಷನ್ ಬೇಕು ಅಂತ ಗಟ್ಟಿಯಾದರೆ ಜನರಲ್ ಸರ್ಜನ್, ಇಎನ್‌ಟಿ ಅಥವಾ ತಲೆ-ಕುತ್ತಿಗೆ ಸರ್ಜನ್, ಕ್ಯಾನ್ಸರ್ ಸರ್ಜನ್, ಎಂಡೋಕ್ರೈನ್ ಸರ್ಜನ್, ನಾಲ್ವರೂ ಮಾಡುತ್ತಾರೆ. ಇಲ್ಲಿ ಡಿಗ್ರಿಗಿಂತ ಕೈಯ ಪಳಗಿಕೆ ದೊಡ್ಡದು. ಥೈರಾಯ್ಡಿನ ಹಿಂದೆಯೇ ಧ್ವನಿಯ ನರ ಹಾದುಹೋಗುತ್ತದೆ. ಅದಕ್ಕೆ ಪೆಟ್ಟಾದರೆ ದನಿ ಒಡೆಯುತ್ತದೆ. ಪಕ್ಕದಲ್ಲೇ ಬೇಳೆಕಾಳಿನಷ್ಟು ಚಿಕ್ಕ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳಿವೆ. ಅವು ಹೋದರೆ ರಕ್ತದ ಕ್ಯಾಲ್ಸಿಯಂ ಕುಸಿದು ಕೈಬೆರಳು, ತುಟಿ ಜುಮುಗುಡುತ್ತವೆ, ಸ್ನಾಯು ಸೆಟೆದುಕೊಳ್ಳುತ್ತವೆ. ಅಮೆರಿಕದ ಒಂದು ದೊಡ್ಡ ಅಧ್ಯಯನದಲ್ಲಿ ವರ್ಷಕ್ಕೆ 25ಕ್ಕಿಂತ ಹೆಚ್ಚು ಥೈರಾಯ್ಡ್ ಆಪರೇಷನ್ ಮಾಡುವ ಸರ್ಜನ್‌ಗಳ ರೋಗಿಗಳಲ್ಲಿ ತೊಡಕು ಕಡಿಮೆ ಇತ್ತು. ಹಾಗಾಗಿ ಮುಜುಗರ ಬಿಟ್ಟು ಕೇಳಿ: "ಡಾಕ್ಟ್ರೇ, ವರ್ಷಕ್ಕೆ ಇಂಥ ಎಷ್ಟು ಆಪರೇಷನ್ ಮಾಡ್ತೀರಿ?" ಒಳ್ಳೆಯ ಸರ್ಜನ್‌ಗೆ ಈ ಪ್ರಶ್ನೆಯಿಂದ ಸಿಟ್ಟು ಬರುವುದಿಲ್ಲ. ಇನ್ನೂ ಎರಡು ಕೇಳಿ. ಆಪರೇಷನ್‌ಗೆ ಮೊದಲು ಧ್ವನಿಪೆಟ್ಟಿಗೆ ನೋಡುತ್ತೀರಾ? ಅರ್ಧ ತೆಗೆದರೆ ಸಾಕಾ, ಪೂರ್ತಿ ತೆಗೆಯಬೇಕಾ, ಯಾಕೆ? ಪೂರ್ತಿ ತೆಗೆದರೆ ಜೀವನಪೂರ್ತಿ ಮಾತ್ರೆ ಖಚಿತ. ಅರ್ಧ ಉಳಿಸಿದರೆ ಅನೇಕರಿಗೆ ಮಾತ್ರೆ ಬೇಕಾಗುವುದೇ ಇಲ್ಲ.

ಥೈರಾಯ್ಡ್ ಸರ್ಜರಿಗೆ ಹಾದಿ ಹಾಕಿದ ಸ್ವಿಸ್ ಸರ್ಜನ್ ಥಿಯೋಡರ್ ಕೋಖರ್‌ಗೆ 1909ರಲ್ಲಿ ನೊಬೆಲ್ ಬಂತು. ಆತ ಪ್ರಸಿದ್ಧನಾದದ್ದು ರಕ್ತ ಹರಿಯದಂತೆ, ಅವಸರ ಇಲ್ಲದೆ ಕೆಲಸ ಮಾಡುವುದಕ್ಕೆ. ಇವತ್ತಿಗೂ ಹುಡುಕಬೇಕಾದ ಗುಣ ಅದೇ.

ಆಯುರ್ವೇದ, ಹೋಮಿಯೋಪತಿ, ಆನ್‌ಲೈನ್

ಆಯುರ್ವೇದದಲ್ಲಿ ಗಳಗಂಡಕ್ಕೆ (ಥೈರಾಯ್ಡ್ ಊದಿಕೊಳ್ಳುವುದಕ್ಕೆ) ಕಾಂಚನಾರ ಗುಗ್ಗುಲು ಕೊಡುವ ರೂಢಿ ಹಳೆಯದು. ನಂಬಿಕೆ ಇದ್ದವರು ತೆಗೆದುಕೊಳ್ಳುತ್ತಾರೆ, ಅದರ ಬಗ್ಗೆ ಜಗಳ ಬೇಡ. ಆದರೆ ಗ್ರಂಥಿ ಹಾರ್ಮೋನ್ ತಯಾರಿಸುವುದನ್ನೇ ನಿಲ್ಲಿಸಿದ್ದರೆ ಅದನ್ನು ಹೊರಗಿನಿಂದ ಕೊಡದೆ ಬೇರೆ ದಾರಿ ಇಲ್ಲ. "ಮೂರು ತಿಂಗಳಲ್ಲಿ ಇಂಗ್ಲಿಷ್ ಮಾತ್ರೆ ಬಿಡಿಸ್ತೀನಿ" ಅನ್ನುವವರು ಯಾವ ಪದ್ಧತಿಯವರಾಗಲಿ, ಅಲ್ಲಿಂದ ಎದ್ದು ಬನ್ನಿ. ಮಾತ್ರೆ ಬಿಟ್ಟ ಮೊದಲ ವಾರ ಏನೂ ಆಗುವುದಿಲ್ಲ, ಮೈಯಲ್ಲಿ ಹಳೆಯ ಔಷಧ ಇನ್ನೂ ಇರುತ್ತದೆ. ಹೊಸ ಔಷಧಕ್ಕೆ ಹೆಸರು ಬರುವುದು ಆ ವಾರದಲ್ಲೇ. ಬೇರೆ ಔಷಧ ತೆಗೆದುಕೊಳ್ಳುತ್ತಿದ್ದರೆ ಎರಡೂ ಕಡೆಯ ಡಾಕ್ಟರಿಗೆ ಹೇಳಿ. ಕೂದಲಿಗೆ ಅಂತ ತೆಗೆದುಕೊಳ್ಳುವ ಬಯೋಟಿನ್ ಮಾತ್ರೆಯನ್ನೂ ಹೇಳಿ. ಅದು ಲ್ಯಾಬ್ ರಿಪೋರ್ಟನ್ನೇ ತಪ್ಪು ತೋರಿಸುವಂತೆ ಮಾಡಬಲ್ಲದು. ಪರೀಕ್ಷೆಗೆ ಒಂದೆರಡು ದಿನ ಮೊದಲು ಅದನ್ನು ನಿಲ್ಲಿಸಲು ಹೇಳುತ್ತಾರೆ.

ಆನ್‌ಲೈನ್ ಕನ್ಸಲ್ಟೇಷನ್ ಸ್ಥಿರವಾಗಿರುವ ಹೈಪೋಗೆ ಬಹಳ ಅನುಕೂಲ. ರಿಪೋರ್ಟ್ ತೋರಿಸಿ ಡೋಸ್ ಕೇಳಲಿಕ್ಕೆ ಅರ್ಧ ದಿನ ರಜೆ ಹಾಕಬೇಕಾಗಿಲ್ಲ. ಸರ್ಕಾರದ ಇ-ಸಂಜೀವಿನಿಯಲ್ಲಿ ದುಡ್ಡೂ ಇಲ್ಲ. ಆದರೆ ಮೊದಲ ಭೇಟಿಗೆ, ಹೈಪರ್‌ಗೆ, ಗಂಟಿಗೆ ಇದು ಬೇಡ. ಫೋನಿನಲ್ಲಿ ಕುತ್ತಿಗೆ ಮುಟ್ಟಿ ನೋಡಲಿಕ್ಕೆ ಆಗುವುದಿಲ್ಲ ತಾನೇ.

ಯಾವ ಊರಿಗೆ ಹೋಗುವುದು

ತಾಲ್ಲೂಕು ಊರುಗಳಲ್ಲಿ ಡಿಎಂ ಮಾಡಿದವರು ಸಿಗುವುದು ಕಷ್ಟ. ಬೆಂಗಳೂರಿನಲ್ಲಿ ಸೇಂಟ್ ಜಾನ್ಸ್, ಎಂ.ಎಸ್. ರಾಮಯ್ಯ ಥರದ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಎಂಡೋಕ್ರೈನಾಲಜಿ ವಿಭಾಗ ಇದೆ. ಕರಾವಳಿ, ಮಲೆನಾಡಿನವರಿಗೆ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ ಹತ್ತಿರ. ಥೈರಾಯ್ಡ್ ಕ್ಯಾನ್ಸರ್ ಅಂತ ಗೊತ್ತಾದರೆ ಬೆಂಗಳೂರಿನ ಕಿದ್ವಾಯಿ ಇದೆ. ಕೋಲಾರದ ಕಡೆಯವರು ವೆಲ್ಲೂರಿನ ಸಿಎಂಸಿಗೆ ಹೋಗುವುದು ಹಳೆಯ ಅಭ್ಯಾಸ. ಅಲ್ಲಿ ಎಂಡೋಕ್ರೈನಾಲಜಿಯೂ ಎಂಡೋಕ್ರೈನ್ ಸರ್ಜರಿಯೂ ಪ್ರತ್ಯೇಕ ವಿಭಾಗಗಳು, ಹೆಸರಿರುವಂಥವು. ಬೀದರಿನವರಿಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ, ಕಾಸರಗೋಡಿನವರಿಗೆ ಮಂಗಳೂರು.

ಮೆಡಿಕಲ್ ಕಾಲೇಜಿಗೂ ಖಾಸಗಿ ಕಾರ್ಪೊರೇಟ್ ಆಸ್ಪತ್ರೆಗೂ ಇರುವ ವ್ಯತ್ಯಾಸ ಮುಖ್ಯವಾಗಿ ಕಾಯುವುದರಲ್ಲಿ. ಕಾಲೇಜಿನಲ್ಲಿ ಬೆಳಿಗ್ಗೆ ಚೀಟಿ ಮಾಡಿಸಿ, ಮೊದಲು ಪಿಜಿ ಡಾಕ್ಟರ್ ಕೇಳಿ, ಆಮೇಲೆ ದೊಡ್ಡವರು ನೋಡುತ್ತಾರೆ. ಹೊತ್ತು ಹೋಗುತ್ತದೆ. ಆದರೆ ಇಬ್ಬರು ನೋಡಿದ ಹಾಗೆ ಆಗುತ್ತದೆ, ಖರ್ಚೂ ಕಡಿಮೆ. ಹೈಪರ್, ಗಂಟು ಇದ್ದವರಿಗೆ ನಾನು ಕಾಲೇಜನ್ನೇ ಹೇಳುತ್ತೇನೆ. ಸರ್ಜನ್, ನ್ಯೂಕ್ಲಿಯರ್ ಮೆಡಿಸಿನ್, ಪೆಥಾಲಜಿ ಒಂದೇ ಕಾಂಪೌಂಡಿನಲ್ಲಿ ಇರುವುದು ದೊಡ್ಡ ಅನುಕೂಲ. ದೂರದವರು ತಜ್ಞರನ್ನು ವರ್ಷಕ್ಕೊಮ್ಮೆ ನೋಡಿ, ಮಧ್ಯದ ಪರೀಕ್ಷೆಗಳನ್ನು ಊರಿನ ಫಿಸಿಷಿಯನ್ ಹತ್ತಿರ ಮಾಡಿಸಿಕೊಳ್ಳಬಹುದು. ಇದಕ್ಕೆ ಒಪ್ಪುವ, ಊರಿನ ಡಾಕ್ಟರಿಗೆ ಒಂದು ಕಾಗದ ಬರೆದುಕೊಡುವ ತಜ್ಞರು ಸಿಕ್ಕರೆ ಅದೃಷ್ಟ.

ಮೊದಲ ಭೇಟಿಯಲ್ಲಿ ಗಮನಿಸಬೇಕಾದ್ದು

ಡಾಕ್ಟರ್ ರಿಪೋರ್ಟ್ ಮಾತ್ರ ನೋಡಿದರಾ, ನಿಮ್ಮನ್ನೂ ನೋಡಿದರಾ? ಸರಿಯಾಗಿ ನೋಡುವವರು ನಿಮ್ಮನ್ನು ಕೂರಿಸಿ, ಹಿಂದೆ ನಿಂತು, ಎರಡೂ ಕೈಯ ಬೆರಳನ್ನು ಕುತ್ತಿಗೆಯ ಮೇಲೆ ಇಟ್ಟು, ಕೈಗೆ ಒಂದು ಲೋಟ ನೀರು ಕೊಟ್ಟು "ನುಂಗಿ" ಅನ್ನುತ್ತಾರೆ. ನುಂಗುವಾಗ ಥೈರಾಯ್ಡ್ ಮೇಲೆ ಕೆಳಗೆ ಜಾರುತ್ತದೆ, ಗಂಟಿದ್ದರೆ ಬೆರಳಿಗೆ ಸಿಗುತ್ತದೆ. ಕೈ ಮುಂದೆ ಚಾಚಿಸಿ, ಬೆರಳ ಮೇಲೆ ಒಂದು ಹಾಳೆ ಇಟ್ಟು ನಡುಕ ನೋಡುತ್ತಾರೆ. ನಾಡಿ ಹಿಡಿಯುತ್ತಾರೆ. ಎಲ್ಲ ಸೇರಿ ಎರಡು ನಿಮಿಷ. ಇಷ್ಟೂ ಮಾಡದೆ ಸ್ಕ್ಯಾನ್‌ಗೆ ಬರೆದುಕೊಡುವವರು ಜಾಸ್ತಿ. ಕುತ್ತಿಗೆಯಲ್ಲಿ ಏನೂ ಇಲ್ಲದ ಸಾಧಾರಣ ಹೈಪೋಗೆ ಸ್ಕ್ಯಾನ್ ಬೇಕಾಗುವುದೇ ಇಲ್ಲ.

ಪ್ರತಿ ಸಲ ಟಿ3, ಟಿ4, ಟಿಎಸ್‌ಎಚ್, ಆ್ಯಂಟಿ ಟಿಪಿಒ (ಮೈಯೇ ಥೈರಾಯ್ಡ್ ಮೇಲೆ ತಿರುಗಿಬಿದ್ದಿದೆಯಾ ಅಂತ ನೋಡುವ ಪರೀಕ್ಷೆ) ಎಲ್ಲ ಬರೆಯುತ್ತಾರಾ? ಆ್ಯಂಟಿ ಟಿಪಿಒ ಒಮ್ಮೆ ಮಾಡಿದರೆ ಸಾಕು, ಅದರ ಅಂಕಿ ಏರಿಳಿದರೂ ಚಿಕಿತ್ಸೆ ಬದಲಾಗುವುದಿಲ್ಲ. ಡೋಸ್ ನೋಡಲಿಕ್ಕೆ ಹೆಚ್ಚಿನವರಿಗೆ ಬರೀ ಟಿಎಸ್‌ಎಚ್ ಸಾಕಾಗುತ್ತದೆ. ಎಲೆಕೋಸು, ಹೂಕೋಸು ಮುಟ್ಟಲೇಬೇಡಿ ಅಂತ ಉದ್ದ ಪಟ್ಟಿ ಕೊಡುತ್ತಾರಾ? ಅಯೋಡಿನ್ ಉಪ್ಪು ತಿನ್ನುವ ಮನೆಯಲ್ಲಿ, ಬೇಯಿಸಿದ ಪಲ್ಯದಿಂದ ಏನೂ ಆಗದು. ಮಾತ್ರೆಯ ಬ್ರ್ಯಾಂಡ್ ಮಧ್ಯದಲ್ಲಿ ಬದಲಾಯಿಸಬೇಡಿ, ಅಂಗಡಿಯವರು ಬದಲಿಸಿ ಕೊಟ್ಟರೆ ಆರು ವಾರ ಬಿಟ್ಟು ಟಿಎಸ್‌ಎಚ್ ನೋಡಿ ಅಂತ ಹೇಳುತ್ತಾರಾ? ಹೇಳಿದರೆ ಒಳ್ಳೆಯ ಗುರುತು.

ಸುಸ್ತು, ಕೂದಲು ಉದುರುವುದು, ತೂಕ, ಎಲ್ಲದಕ್ಕೂ ಥೈರಾಯ್ಡನ್ನೇ ದೂರುವ ಡಾಕ್ಟರೂ ಇದ್ದಾರೆ, ರೋಗಿಗಳೂ ಇದ್ದಾರೆ. ಟಿಎಸ್‌ಎಚ್ ಸರಿಹೋಗಿ ನಾಲ್ಕೈದು ತಿಂಗಳಾದರೂ ಸುಸ್ತು ಹೋಗಿಲ್ಲ ಅಂದರೆ ಹಿಮೋಗ್ಲೋಬಿನ್, ಬಿ12, ನಿದ್ದೆ, ಮನಸ್ಸಿನ ಭಾರ ಇವನ್ನು ಕೇಳುವವರು ಬೇಕು. ಡೋಸ್ ಇನ್ನಷ್ಟು ಏರಿಸುವವರಲ್ಲ.

ಡಾಕ್ಟರನ್ನು ಬದಲಾಯಿಸಬೇಕು ಅನ್ನಿಸಿದರೆ ಬದಲಾಯಿಸಿ, ಆದರೆ ಹಳೆಯ ರಿಪೋರ್ಟುಗಳನ್ನು ತಾರೀಖಿನ ಪ್ರಕಾರ ಜೋಡಿಸಿ ಜತೆಗೆ ಒಯ್ಯಿರಿ. ಪ್ರತಿಯೊಂದರ ಮೂಲೆಯಲ್ಲಿ ಆಗ ಯಾವ ಡೋಸ್ ತೆಗೆದುಕೊಳ್ಳುತ್ತಿದ್ದಿರಿ ಅಂತ ಪೆನ್ನಿನಲ್ಲಿ ಬರೆದಿಡಿ. ಆದಷ್ಟು ಒಂದೇ ಲ್ಯಾಬಿನಲ್ಲಿ, ದಿನದ ಒಂದೇ ಹೊತ್ತಿಗೆ ರಕ್ತ ಕೊಡಿ. ಟಿಎಸ್‌ಎಚ್ ದಿನದ ಹೊತ್ತಿನ ಪ್ರಕಾರ ಏರಿಳಿಯುತ್ತದೆ. ಬೆಳಿಗ್ಗೆ ಏಳಕ್ಕೆ ಕೊಟ್ಟ ರಕ್ತವನ್ನು ಸಂಜೆ ನಾಲ್ಕಕ್ಕೆ ಕೊಟ್ಟದ್ದರ ಜತೆ ಹೋಲಿಸಿದರೆ ಹೊಸ ಡಾಕ್ಟರೂ ದಾರಿ ತಪ್ಪಬಹುದು.